ಕಾಂತಿ ತೋರಿಸಿದ ಮೂಡುಬಿದಿರೆ

"ಸೀರೆ ಉಟ್ಟು, ಟ್ರೇಯಲ್ಲಿ ಶರಬತ್ತು ಹಿಡಿದುಕೊಂಡು ಬಂದು ನಿಲ್ಲಲಿಕ್ಕೆ ಇನ್ನು ನನ್ನಿಂದ ಆಗುದಿಲ್ಲ ಮಾವ" ಎಂದು ಕಾಂತಿ ಫೋನಿನಲ್ಲೇ ಹೇಳಿದ್ದಳು. "ಅವರಿಗೆ ನನ್ನನ್ನು ನೋಡ್ಬೇಕಾದ್ರೆ ಭಾನುವಾರ ಮೂಡುಬಿದಿರೆಗೆ ಬರ್ಲಿ. ಊರು ತೋರಿಸ್ತೇನೆ. ಸಂಜೆಗೂ ನಮಗೆ ಮಾತು ಉಳಿದಿದ್ರೆ ಮತ್ತೆ ದೊಡ್ಡವರು ಕೂತು ಮಾತಾಡಿ."

ಫೋನಿನ ಆ ತುದಿಯಲ್ಲಿ ಇದ್ದವರು ತೋಡಾರಿನ ಜಯಪ್ರಕಾಶ್. ಎರಡೂ ಕಡೆಗೆ ಬೇಕಾದ ಮನುಷ್ಯ. ಹುಡುಗ ವಸಂತನಿಗೆ ಸೋದರಮಾವ, ಕಾಂತಿಯ ತೀರಿಹೋದ ತಂದೆಗೆ ಸ್ನೇಹಿತ. ಕಾಂತಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಓಟ, ಎಸೆತ ಕಲಿಸುವ ಟೀಚರು. ವಯಸ್ಸು ಮೂವತ್ತು ದಾಟಿತ್ತು. ತಾಯಿ ಸಿದ್ದಕಟ್ಟೆಯಲ್ಲಿ ಅಣ್ಣನ ಜೊತೆ. ಇವಳು ಜೈನ್ ಪೇಟೆಯ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಒಬ್ಬಳೇ. ನೋಡಲು ಬಂದವರೆಲ್ಲ ಶರಬತ್ತು ಕುಡಿದು ಒಂದೇ ಪ್ರಶ್ನೆ ಕೇಳಿ ಹೋಗಿದ್ದರು: ಮದುವೆಯಾದ ಮೇಲೆ ಕೆಲಸ ಬಿಡ್ತೀಯಲ್ಲ?

ವಸಂತನದು ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದ ಒಂದು ಹಳ್ಳಿ. ಸ್ವಲ್ಪ ಅಡಿಕೆ, ಹೆಚ್ಚು ರಬ್ಬರ್. ಅವನಿಗೂ ಹೆಣ್ಣು ಸಿಕ್ಕಿರಲಿಲ್ಲ. ತೋಟದಲ್ಲಿ ಇರುವವನಿಗೆ ಈಗ ಯಾರು ಕೊಡ್ತಾರೆ ಎಂದು ಅವನ ತಾಯಿ ಲೋಲಾಕ್ಷಿ ಮದುವೆ ಮನೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಳು. ತಮ್ಮ ಜಯಪ್ರಕಾಶ್ ಫೋನು ಮಾಡಿ ಈ ವಿಷಯ ಹೇಳಿದಾಗ ಮೊದಲು ಬೈದಳು, ಆಮೇಲೆ ಭಾನುವಾರ ಬೆಳಿಗ್ಗೆ ಮಗನಿಗಿಂತ ಮುಂಚೆ ಹೊರಟು ಅಂಗಳದಲ್ಲಿ ನಿಂತಳು.

"ಅಮ್ಮ, ನನ್ನನ್ನು ಮಾತ್ರ ಬರ್ಲಿಕ್ಕೆ ಹೇಳಿದ್ದು" ಎಂದ ವಸಂತ.

"ನನಗೆ ಊರು ನೋಡ್ಬಾರದಾ?" ಎಂದಳು ಲೋಲಾಕ್ಷಿ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲಿಂದ ಇಬ್ಬರೂ ಮೂಡುಬಿದಿರೆಯಲ್ಲಿ ಇಳಿದಾಗ ಕಾಂತಿ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು. ನೀಲಿ ಚೂಡಿದಾರ, ಕಾಲಿಗೆ ಓಟದ ಬೂಟು. ವಸಂತನ ಹಿಂದೆ ಒಬ್ಬ ಹೆಂಗಸು ಇಳಿದದ್ದು ಕಂಡು ಅವಳ ಮುಖ ಒಮ್ಮೆ ಬಿಗಿಯಾಯಿತು. ಆದರೆ ಲೋಲಾಕ್ಷಿ ಬಂದವಳೇ, "ಹೊಟ್ಟೆ ಹಸೀತಾ ಉಂಟು ಮಗಾ, ಮೊದಲು ಎಂತಾದ್ರೂ ತಿನ್ನುವ" ಎಂದಾಗ ಕಾಂತಿಗೆ ನಗು ಬಂತು.

ಪೇಟೆಯ ಒಂದು ಹಳೆಯ ಹೋಟೆಲಿಗೆ ಕರೆದುಕೊಂಡು ಹೋದಳು. ಹಾಸ್ಟೆಲಿನ ಹುಡುಗ ಹುಡುಗಿಯರೇ ತುಂಬಿದ್ದರು. ಭಾನುವಾರ ಹಾಸ್ಟೆಲಿನ ಉಪ್ಪಿಟ್ಟಿನಿಂದ ತಪ್ಪಿಸಿಕೊಂಡು ಬಂದವರು. ಅರ್ಧದಷ್ಟು ಮಂದಿ ಕಾಂತಿಗೆ "ಗುಡ್ ಮಾರ್ನಿಂಗ್ ಮೇಡಂ" ಎಂದರು, ಉಳಿದರ್ಧ ವಸಂತನನ್ನು ನೋಡಿ ತಮ್ಮ ತಮ್ಮಲ್ಲಿ ಗುಸುಗುಸು ಮಾಡಿದರು. ಬಿಸಿ ಬನ್ಸು, ಕಡ್ಲೆ ಗಸಿ ಬಂತು. ವಸಂತ ಏನೂ ಮಾತಾಡದೆ ಬನ್ಸು ತಿನ್ನುತ್ತಲೇ ಹೋದ.

"ಇವ ಹೀಗೆಯೇ, ರಬ್ಬರ್ ಮರಗಳ ಹತ್ತಿರ ಮಾತ್ರ ಮಾತಾಡುದು" ಎಂದಳು ಲೋಲಾಕ್ಷಿ.

"ಮರಗಳು ಎದುರುತ್ತರ ಕೊಡುದಿಲ್ಲ" ಎಂದ ವಸಂತ. ಆ ದಿನ ಕಾಂತಿ ಕೇಳಿದ ಅವನ ಮೊದಲ ಮಾತು ಅದು.

ಅಲ್ಲಿಂದ ಸಾವಿರ ಕಂಬದ ಬಸದಿಗೆ. ಲೋಲಾಕ್ಷಿ ಎಷ್ಟೋ ಸಲ ಮೂಡುಬಿದಿರೆಗೆ ಬಂದವಳು. ಆದರೆ ಒಂದೋ ಡಾಕ್ಟರ ಹತ್ತಿರ, ಇಲ್ಲದಿದ್ದರೆ ಸೀರೆ ಅಂಗಡಿಗೆ. ಬಸದಿಯ ಒಳಗೆ ಕಾಲಿಟ್ಟಿರಲಿಲ್ಲ. ಚಪ್ಪಲಿ ಕಳಚಿಟ್ಟು ಒಳಗೆ ಹೋದರೆ ಕಲ್ಲು ಕಾಲಿಗೆ ತಣ್ಣಗೆ ತಾಗಿತು. ಒಂದರಂತೆ ಒಂದಿಲ್ಲದ ಕಂಬಗಳ ನಡುವೆ ಅವಳು ಕೈ ಸವರುತ್ತ ನಡೆದಳು. ತಳದ ಕಲ್ಲಿನಲ್ಲಿ ಕೆತ್ತಿದ ಉದ್ದ ಕತ್ತಿನ ಜಿರಾಫೆಯನ್ನು ಕಾಂತಿ ತೋರಿಸಿದಾಗ ಅವಳು ನಂಬಲಿಲ್ಲ.

"ಇದು ನಮ್ಮ ಕಾಡಿನಲ್ಲಿ ಇತ್ತಾ?"

"ಇಲ್ಲ ಅಮ್ಮ, ಹಡಗಿನಲ್ಲಿ ವ್ಯಾಪಾರಕ್ಕೆ ಹೋದವರು ಎಲ್ಲಿಯೋ ನೋಡಿ ಬಂದು ಹೇಳಿರ್ಬೇಕು ಅಂತ ಹೇಳ್ತಾರೆ."

ವಸಂತ ಕುಕ್ಕರುಗಾಲಿನಲ್ಲಿ ಕೂತು ಅದನ್ನು ತುಂಬ ಹೊತ್ತು ನೋಡಿದ. ಕಾಂತಿ ಅವನನ್ನು ನೋಡಿದಳು. ಫೋಟೋ ತೆಗೆಯುವ ಅವಸರ ಇಲ್ಲದ ಗಂಡಸನ್ನು ಅವಳು ಈಚೆಗೆ ಕಂಡಿರಲಿಲ್ಲ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ ಆಯಿತು. ಊಟದ ಮೇಲೆ ರಿಕ್ಷಾದಲ್ಲಿ ಕಡಲಕೆರೆಗೆ ಹೋದರು. ಲೋಲಾಕ್ಷಿ ಮರದಡಿಯ ಬೆಂಚಿನಲ್ಲಿ ಸೆರಗು ಹೊದ್ದು ಕೂತು, "ನೀವು ಬೋಟಿನಲ್ಲಿ ಹೋಗಿ ಬನ್ನಿ, ನನಗೆ ನಿದ್ರೆ ಬರ್ತದೆ" ಎಂದಳು. ನಿದ್ರೆ ಬಂದಿರಲಿಲ್ಲ.

ಪೆಡಲ್ ಬೋಟಿನಲ್ಲಿ ವಸಂತ ತುಳಿದ ರಭಸಕ್ಕೆ ಬೋಟು ಇದ್ದಲ್ಲೇ ತಿರುಗಿತು. "ನಿಧಾನ, ನನ್ನ ಕಾಲು ನೋಡಿ ತುಳೀರಿ" ಎಂದಳು ಕಾಂತಿ. ಅವನು ಹಾಗೆಯೇ ಮಾಡಿದ. ಬೋಟು ನೆಟ್ಟಗೆ ಹೋಯಿತು.

"ನೀವು ಎಂತ ಎಸೀತಾ ಇದ್ದದ್ದು?" ಎಂದು ಕೇಳಿದ.

"ಜಾವೆಲಿನ್. ಭರ್ಜಿ. ರಾಜ್ಯಕ್ಕೆ ಆಡಿದ್ದೇನೆ. ಆಮೇಲೆ ಭುಜ ಹೋಯ್ತು."

"ಈಗ ನೋವುಂಟಾ?"

ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದವರೆಲ್ಲ ಎಷ್ಟು ಪದಕ ಎಂದೇ ಕೇಳಿದ್ದು. "ಮಳೆಗಾಲದಲ್ಲಿ ಸ್ವಲ್ಪ" ಎಂದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಬೆಳಿಗ್ಗೆ ಬೆಳಕು ಹರಿಯುವಾಗ ಮೈದಾನದಲ್ಲಿ ಇರಬೇಕು. ಈ ವರ್ಷ ವಿಟ್ಲದ ಕಡೆಯ ಒಬ್ಬ ಹುಡುಗಿ ಬಂದಿದ್ದಾಳೆ, ಅವಳ ಕೈಯಲ್ಲಿ ಭರ್ಜಿ ಹಾರುವುದು ನೋಡಿದರೆ ತನ್ನದೇ ಭುಜ ಸರಿಯಾದ ಹಾಗೆ ಆಗುತ್ತದೆ. ವಸಂತ ತುಳಿಯುವುದನ್ನು ಮರೆತು ಕೇಳಿದ.

ದಡಕ್ಕೆ ಬಂದಾಗ ಲೋಲಾಕ್ಷಿ ಎದ್ದು ನಿಂತಿದ್ದಳು. ಇಬ್ಬರ ಮುಖವನ್ನೂ ನೋಡಿ, ಇನ್ನು ಕೇಳಿಬಿಡುವುದೇ ಸರಿ ಎಂದು ಅವಳಿಗೆ ಅನಿಸಿರಬೇಕು.

"ಮಗಾ, ನೀನು ಒಳ್ಳೆಯವಳು. ನನಗೆ ಸುತ್ತುಬಳಸಿ ಮಾತಾಡ್ಲಿಕ್ಕೆ ಬರುದಿಲ್ಲ. ಮದುವೆ ಆದ್ರೆ ಈ ಕೆಲಸ ಬಿಟ್ಟು ಬರ್ತೀಯಲ್ಲ?"

ಕಾಂತಿಯ ನಗು ನಿಂತಿತು. "ಇಲ್ಲ ಅಮ್ಮ. ಬಿಡುದಿಲ್ಲ."

"ಹಾಗಾದ್ರೆ ಬೆಳಿಗ್ಗೆಯಿಂದ ನಮ್ಮನ್ನು ಯಾಕೆ ಸುತ್ತಿಸಿದ್ದು?" ಲೋಲಾಕ್ಷಿಯ ಸ್ವರ ಗಡುಸಾಯಿತು. "ಫೋನಿನಲ್ಲೇ ಹೇಳಿದ್ರೆ ಬಸ್ಸಿಗೆ ಕೂರ್ತಿರ್ಲಿಲ್ಲ."

"ಫೋನಿನಲ್ಲಿ ಹೇಳಿದ್ರೆ ನಾನು ಒಂದು 'ಇಲ್ಲ' ಮಾತ್ರ ಆಗ್ತೇನೆ ಅಮ್ಮ" ಎಂದಳು ಕಾಂತಿ. "ನಾನು ಎಲ್ಲಿ ಇದ್ದೇನೆ, ಯಾಕೆ ಬಿಡುದಿಲ್ಲ ಅಂತ ನೋಡಿಯಾದ್ರೂ ಹೋಗ್ಲಿ ಅಂತ ಕರೆದದ್ದು." ಅವಳ ಕಣ್ಣು ತುಂಬಿತ್ತು. ಮುಖವನ್ನು ಕೆರೆಯ ಕಡೆಗೆ ತಿರುಗಿಸಿಕೊಂಡಳು.

ಬೋಟಿನವನು ಮುಂದಿನವರಿಗೆ ಲೈಫ್ ಜಾಕೆಟ್ ಕೊಡುತ್ತಿದ್ದ. ವಸಂತ ಬೆಂಚಿನ ತುದಿಯಲ್ಲಿ ಕೂತು, ಅಂಗೈ ಉಜ್ಜಿಕೊಳ್ಳುತ್ತ ನಿಧಾನವಾಗಿ ಹೇಳಿದ.

"ಅಮ್ಮ, ರಬ್ಬರ್ ಕಡಿದು ಹಾಲು ತೆಗೆಯುದು ಬೆಳಗ್ಗೆ. ಮಧ್ಯಾಹ್ನಕ್ಕೆ ಹಾಲನ್ನು ಶೀಟು ಮಾಡಿಯೂ ಆಗ್ತದೆ. ಮತ್ತೆ ನಾನು ಎಂತ ಮಾಡುದು? ಪೇಟೆಗೆ ಹೋಗಿ ಚಾ ಕುಡಿಯುದು. ಆ ಹೊತ್ತಿಗೆ ಬೈಕ್ ಹತ್ತಿದ್ರೆ ಸಂಜೆ ಇಲ್ಲಿ ಇರ್ತೇನೆ. ವಾರದಲ್ಲಿ ಎರಡು ಸಲ ನಾನು ಬರ್ತೇನೆ. ರಜೆಯಲ್ಲಿ ಅವರು ಬರ್ಲಿ. ಅವರಿಗೆ ಒಪ್ಪಿಗೆ ಆದ್ರೆ."

ಕಾಂತಿ ತಿರುಗಿ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ, ತಾಯಿಯನ್ನು ನೋಡುತ್ತಿದ್ದ.

"ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ. ಊರಿನವರು ಎಂತ ಹೇಳ್ತಾರೆ?" ಎಂದಳು ಲೋಲಾಕ್ಷಿ.

"ಈಗ ಎಂತ ಹೇಳ್ತಾರೆ? ಮಗನಿಗೆ ಹೆಣ್ಣು ಸಿಗ್ಲಿಲ್ಲ ಅಂತ ಹೇಳ್ತಾರೆ."

ಲೋಲಾಕ್ಷಿ ಬೆಂಚಿನಲ್ಲಿ ಕೂತಳು. ನೀರು ನೋಡುತ್ತ ಯಾರಿಗೂ ಅಲ್ಲದ ಹಾಗೆ ಹೇಳಿದಳು:

"ನನ್ನ ಅಜ್ಜಿ ಗಂಡನ ಮನೆಗೆ ಹೋದವಳೇ ಅಲ್ಲ. ಆಗ ಅಳಿಯಕಟ್ಟು, ಭೂಮಿ ಎಲ್ಲ ಹೆಂಗಸರ ಕಡೆಯಿಂದಲೇ. ಅಜ್ಜಿ ತನ್ನ ಮನೆಯ ಬೇಸಾಯ ನೋಡಿಕೊಂಡು ಅಲ್ಲಿಯೇ ಇದ್ದಳು. ಅಜ್ಜ ತನ್ನ ತಾಯಿಮನೆಯ ಗದ್ದೆಯಲ್ಲಿ ದುಡಿದು, ಕತ್ತಲಾದ ಮೇಲೆ ಒಣ ತೆಂಗಿನ ಗರಿಯ ಸೂಟೆ ಉರಿಸಿ ಹಿಡಿದುಕೊಂಡು ಗುಡ್ಡ ಇಳಿದು ಬರ್ತಿದ್ದರಂತೆ. ಮಕ್ಕಳೆಲ್ಲ ಆದವು. ಯಾರೂ ಎಂತದೂ ಹೇಳ್ಲಿಲ್ಲ."

"ಅವರು ನಡೆದುಕೊಂಡು ಬರ್ತಿದ್ದದ್ದು. ನನಗೆ ಬೈಕ್ ಉಂಟು" ಎಂದ ವಸಂತ.

ಲೋಲಾಕ್ಷಿ ನಗಲಿಲ್ಲ. ಅಷ್ಟು ಸುಲಭದಲ್ಲಿ ಬಿಟ್ಟುಕೊಡುವ ಹೆಂಗಸಲ್ಲ ಅವಳು. "ಕೂಸು ಆದ್ರೆ?" ಎಂದು ಕಾಂತಿಯನ್ನೇ ಕೇಳಿದಳು.

"ಆಗ ನೀವೂ ಇಲ್ಲಿ ಬಂದು ಇರ್ಬೇಕು ಅಮ್ಮ. ನಾನು ಒಬ್ಬಳೇ ಸಾಕ್ತೇನೆ ಅಂತ ಹೇಳುದಿಲ್ಲ" ಎಂದಳು ಕಾಂತಿ. "ಮತ್ತೆ ನನಗೂ ಯೋಚನೆ ಮಾಡ್ಲಿಕ್ಕುಂಟು. ನಿಮ್ಮ ಮನೆ ನಾನಿನ್ನೂ ನೋಡ್ಲಿಲ್ಲ."

ಸಂಜೆ ಮತ್ತೆ ಪೇಟೆಗೆ ಬಂದು ಐಸ್ ಕ್ರೀಮ್ ಅಂಗಡಿಯಲ್ಲಿ ಮೂರು ಗಡ್‌ಬಡ್ ಹೇಳಿದರು. ಉದ್ದ ಗ್ಲಾಸಿನ ತಳದಲ್ಲಿದ್ದ ಜೆಲ್ಲಿಯನ್ನು ಲೋಲಾಕ್ಷಿ ಚಮಚದಲ್ಲಿ ಹುಡುಕಿ ಹುಡುಕಿ ತಿಂದಳು. ಮದುವೆಯ ಮಾತು ಯಾರೂ ಎತ್ತಲಿಲ್ಲ. ಜಯಪ್ರಕಾಶ್ ಫೋನು ಮಾಡಿ, "ಎಂತಾಯ್ತು ಅಕ್ಕ?" ಎಂದು ಕೇಳಿದಾಗ, "ಇನ್ನೂ ಮಾತಾಡ್ತಾ ಇದ್ದಾರೆ, ನೀನು ಇಡು" ಎಂದಳು.

ಎರಡು ವಾರ ಬಿಟ್ಟು ಕಾಂತಿ ಅವರ ಮನೆಗೆ ಹೋದಳು, ತಾಯಿ ಮತ್ತು ಅಣ್ಣನ ಜೊತೆ. ರಾತ್ರಿ ಅಲ್ಲೇ ಉಳಿದು, ವಸಂತ ರಬ್ಬರ್ ಕಡಿಯುವುದನ್ನು ನೋಡಲು ನಸುಕಿನಲ್ಲೇ ತೋಟಕ್ಕೆ ಇಳಿದಳು. ಅವನು ಕತ್ತಿಯನ್ನು ಅವಳ ಕೈಗೆ ಕೊಟ್ಟ. ಅವಳು ತೊಗಟೆಯನ್ನು ತುಂಬ ಆಳಕ್ಕೆ ಕಡಿದು ಮರಕ್ಕೆ ಗಾಯ ಮಾಡಿದಾಗ, "ಪರ್ವಾಗಿಲ್ಲ, ಮಾಯ್ತದೆ" ಎಂದ.

ಒಪ್ಪಿಗೆ ಸುಲಭದಲ್ಲಿ ಆಗಲಿಲ್ಲ. ಲೋಲಾಕ್ಷಿಯ ಗಂಡನ ಕಡೆಯ ಹಿರಿಯ ಲೋಕಯ್ಯನವರು ಇದೆಂಥ ಸಂಸಾರ ಎಂದು ಮುನಿಸಿಕೊಂಡು ನಿಶ್ಚಿತಾರ್ಥಕ್ಕೆ ಬರಲಿಲ್ಲ. ಅವರ ಮನೆಗೆ ಹೋಗಿ, ಚಾವಡಿಯಲ್ಲಿ ಕೂತು ವಾದ ಮಾಡಿದವಳು ಲೋಲಾಕ್ಷಿಯೇ. ಏಪ್ರಿಲ್ ರಜೆಯಲ್ಲಿ ಮದುವೆ ಆಯಿತು. ಊಟಕ್ಕೆ ಬಂದ ಲೋಕಯ್ಯನವರು ಮಾತಾಡದಿದ್ದರೂ ಪಾಯಸ ಎರಡು ಸಲ ಹಾಕಿಸಿಕೊಂಡರು.

ಈಗ ಬುಧವಾರ ಮತ್ತು ಶುಕ್ರವಾರ ಸಂಜೆ ವಸಂತನ ಬೈಕು ಜೈನ್ ಪೇಟೆಯಲ್ಲಿ ಇರುತ್ತದೆ. ಮರುದಿನ ಕತ್ತಲೆಯಲ್ಲೇ ಅವನು ತೋಟಕ್ಕೆ ಹೊರಟರೆ ಅವಳು ಮೈದಾನಕ್ಕೆ. ಎಡವಟ್ಟುಗಳು ಇಲ್ಲವೆಂದಲ್ಲ. ಒಮ್ಮೆ ಮಳೆಗೆ ಬೈಕು ವೇಣೂರಿನಲ್ಲಿ ಕೈಕೊಟ್ಟಿತು, ಇನ್ನೊಮ್ಮೆ ಇಬ್ಬರೂ ಒಂದು ಇಡೀ ವಾರ ಫೋನಿನಲ್ಲೇ ಜಗಳ ಆಡಿದರು. ವಿಟ್ಲದ ಹುಡುಗಿ ಡಿಸೆಂಬರಿನ ಕ್ರೀಡಾಕೂಟದಲ್ಲಿ ಎಸೆಯುವ ದಿನ ಮಾತ್ರ ವಸಂತ ರಬ್ಬರ್ ಕಡಿಯಲಿಲ್ಲ. ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಬಿಸಿಲಿಗೆ ಕೊಡೆ ಬಿಡಿಸಿ ಲೋಲಾಕ್ಷಿ ಮೈದಾನದ ಅಂಚಿನಲ್ಲಿ ಕೂತಳು. ಭರ್ಜಿ ಹಾರಿ ದೂರದಲ್ಲಿ ನೆಲಕ್ಕೆ ಚುಚ್ಚಿಕೊಂಡಾಗ, ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ಹೇಳಿದಳು:

"ಅವಳಿಗೆ ಕಲಿಸಿದ್ದು ನಮ್ಮ ಸೊಸೆ."