ಹಸಿರು ಬಟ್ಟೆಯ ಕೆಳಗಿನ ಬೀದಿ

ಗೈಡಮ್ಮ ನಡೆಯುತ್ತಿದ್ದುದು ಹಿಂದುಹಿಂದಕ್ಕೆ. ನೋಡಲು ಬಂದವರಿಗೆ ಬೆನ್ನು ತೋರಿಸುವುದು ಅವಿನಯವೆಂದು ಯಾರೋ ಹಿರಿಯ ಗೈಡು ಕಲಿಸಿದ್ದ ಪಾಠವನ್ನು ಅವರು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರೆಂದರೆ, ಆ ಸುಪ್ರಸಿದ್ಧ ಸಂಗೀತ ಭವನದ ಅಮೃತಶಿಲೆಯ ಮೆಟ್ಟಿಲುಗಳನ್ನೂ ಕೆಂಪು ಹಾಸಿನ ಮೊಗಸಾಲೆಯನ್ನೂ ಜನರತ್ತ ಮುಖಮಾಡಿಯೇ, ಒಮ್ಮೆಯೂ ಎಡವದೆ ದಾಟುತ್ತಿದ್ದರು. ಭವನವನ್ನು ನಡೆಸುವ ಟ್ರಸ್ಟು ಕೊಟ್ಟ ಕಡುನೀಲಿ ಕೋಟು ಅವರಿಗೆ ಒಂದಳತೆ ದೊಡ್ಡದು. ಮಡಿಸಿ ಮಡಿಸಿ ಅದರ ತೋಳಿನ ಅಂಚು ಬೆಳ್ಳಗಾಗಿತ್ತು. ಕುಳ್ಳ ದೇಹ, ಭವನದ ಕೊನೆಯ ಸಾಲಿಗೂ ಮುಟ್ಟುವ ಕಂಠ. "ನೋಡಿದ್ರಾ?" ಎಂದು ಕೇಳುವರು, ಯಾರಾದರೂ ಸೌಜನ್ಯಕ್ಕೆ ತಲೆಯಾಡಿಸಿದರೆ, "ಇಲ್ಲ, ನೀವು ನೋಡ್ಲಿಲ್ಲ. ಸುಮ್ನೆ ತಲೆ ಆಡಿಸಿದ್ರಿ" ಎಂದು ಗದರಿಸುವರು. ಬಿಸಿಲಿಗೆ ಹೆದರಿ ಒಳಗೆ ನುಸುಳುತ್ತಿದ್ದ ನನ್ನಂಥ ಸೋಮಾರಿಗಳನ್ನೂ ಅವರು ಬಿಟ್ಟವರಲ್ಲ.

ಭವನ ಸುಂದರವಾಗಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಊರು ನಗರವಾಗಿ, ನಗರ ತನ್ನ ಅಂಗಿಯ ಗುಂಡಿ ಹಾಕಲಾಗದಷ್ಟು ಬೆಳೆಯುತ್ತಿದ್ದ ಕಾಲದಲ್ಲಿ, ಗಿರಣಿಗಳ ದೊಡ್ಡ ಧಣಿಯೊಬ್ಬರು ತಮ್ಮ ಹೆಸರು ಶಾಶ್ವತವಾಗಲೆಂದು ಇದನ್ನು ಕಟ್ಟಿಸಿದರು. ಅವರು ಕರೆತಂದ ವಾಸ್ತುಶಿಲ್ಪಿ ನಿಜಕ್ಕೂ ಪ್ರತಿಭಾವಂತ. ಆಧಾರವೇ ಇಲ್ಲವೆಂಬಂತೆ ತೇಲುವ ಆ ಗುಮ್ಮಟದ ಕೆಳಗೆ ನಿಂತರೆ ಎಂಥ ಒರಟನೂ ದನಿ ತಗ್ಗಿಸುತ್ತಾನೆ. ಗೈಡಮ್ಮನಿಗಂತೂ ಅದು ತವರುಮನೆಯಿದ್ದಂತೆ. ಕಂಬಕ್ಕೆ ಒರಗಿದವರನ್ನು ಬೈಯುವರು. ಯಾರೂ ಇಲ್ಲದಾಗ ತಾವೇ ಒರಗುವರು.

ಟ್ರಸ್ಟು ಕೊಟ್ಟ ಕಥನವನ್ನು ಅವರು ಬಾಯಿಪಾಠ ಮಾಡಿದ್ದರು. ಅದರ ಮಧ್ಯಭಾಗ ಬಹಳ ನಾಟಕೀಯವಾದದ್ದು. ಭವನವಿರುವ ಜಾಗದಲ್ಲಿ ಹಿಂದೆ ಒಂದು ಕಿರುಬೀದಿ ಇತ್ತು, ಅಲ್ಲಿನ ನಿವಾಸಿಗಳು ಹಠಮಾರಿಗಳು, ಎಷ್ಟು ಕೇಳಿದರೂ ಜಾಗ ಬಿಡಲೊಪ್ಪದವರು; ಆಗ ವಿಧಿಯೇ ಮಧ್ಯೆ ಪ್ರವೇಶಿಸಿತು. ಬೀದಿಯ ನಡುವೆ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಅಜಾಗರೂಕತೆಯಿಂದ ಕೆಂಡ ಚೆಲ್ಲಿದಳು, ಎರಡೂ ತುದಿಗಳಿಂದ ಎದ್ದ ಜ್ವಾಲೆ ಇಡೀ ಬೀದಿಯನ್ನು ನುಂಗಿತು, ಕೆಲವರು ಜೀವ ಕಳೆದುಕೊಂಡರು, ಅಪರಾಧಿಗೆ ಶಿಕ್ಷೆಯಾಯಿತು. "ಆ ಬೂದಿಯಿಂದಲೇ ಈ ಸೌಂದರ್ಯ ಅರಳಿತು." ಅರಳಿತು ಎಂಬಲ್ಲಿ ಗೈಡಮ್ಮ ಕೈ ಮೇಲೆತ್ತಿ ಕ್ಷಣಕಾಲ ನಿಲ್ಲುವರು. ಜನ ಚಪ್ಪಾಳೆ ತಟ್ಟುವರು. ನಾನೂ ತಟ್ಟಿದ್ದೇನೆ.

ಒಂದು ದಿನ ಹಾಗೆ ಕೈ ಎತ್ತಿದಾಗ ಗುಂಪಿನ ಹಿಂದೆ ಒಬ್ಬ ಮುದುಕಿ ಅಳುತ್ತಿರುವುದು ಅವರಿಗೆ ಕಂಡಿತು. ಎಲ್ಲರ ಹಾಗೆ ಮುಂದೆ ನೋಡಿ ನಡೆಯುವ ಗೈಡಾಗಿದ್ದರೆ ಆ ಮುಖ ಕಾಣುತ್ತಲೇ ಇರಲಿಲ್ಲ. ಜನ ಚದುರಿದ ಮೇಲೆ ಗೈಡಮ್ಮ ಹತ್ತಿರ ಹೋಗಿ, ಏನಾಯಿತಜ್ಜಿ ಎಂದು ಕೇಳಿದರು. ಮುದುಕಿಯ ಮಾತಿನಲ್ಲಿ ಕೋಪವಿರಲಿಲ್ಲ.

"ಆ ಇಸ್ತ್ರಿ ಅಂಗಡಿ ನಮ್ಮಮ್ಮಂದು. ಅವತ್ತು ಬಾಗಿಲೇ ತೆಗೆದಿರ್ಲಿಲ್ಲ. ನಂಗೆ ಜ್ವರ ಅಂತ ಪಕ್ಕದಲ್ಲೇ ಕೂತಿದ್ಲು. ಕೋರ್ಟಲ್ಲೂ ಹೇಳಿದ್ಲು, ಯಾರೂ ಕೇಳ್ಲಿಲ್ಲ. ಜೈಲಲ್ಲೇ ಹೋದ್ಲು." ಆಮೇಲೆ ಸೇರಿಸಿದಳು: "ನೀವೂ ಅದನ್ನೇ ಹೇಳ್ತೀರಲ್ಲ ತಾಯಿ, ಎಷ್ಟು ಚೆನ್ನಾಗಿ ಹೇಳ್ತೀರಿ!"

ಆ ಹೊಗಳಿಕೆ ಗೈಡಮ್ಮನ ಎದೆಗೆ ಚುಚ್ಚಿತು. ಅಂದು ಸಂಜೆ ಅವರು ಮೊಗಸಾಲೆಯಲ್ಲಿ ಗಾಜಿನೊಳಗಿಟ್ಟ ಭವನದ ಪುಟ್ಟ ಮಾದರಿಯ ಮುಂದೆ ನಿಂತುಬಿಟ್ಟರು. ವಾಸ್ತುಶಿಲ್ಪಿ ತನ್ನ ಕೈಯಾರೆ ಮಾಡಿದ್ದು. ಬೆಂಕಿಗೆ ಒಂದು ವರ್ಷ ಮುಂಚೆ ಪೇಟೆಯ ದೊಡ್ಡ ಅಂಗಡಿಯ ಕಿಟಕಿಯಲ್ಲಿಟ್ಟಿದ್ದಾಗ ನಗರಕ್ಕೆ ನಗರವೇ ಸಾಲುಗಟ್ಟಿ ನೋಡಿತೆಂದು ಪಕ್ಕದ ಫಲಕವೇ ಹೆಮ್ಮೆಯಿಂದ ಹೇಳುತ್ತದೆ. ಆ ಮಾದರಿಯಲ್ಲಿ ಕಿರುಬೀದಿ ಇಲ್ಲ. ಬೀದಿಯಿದ್ದ ಕಡೆ ಭವನ, ಅದರ ಸುತ್ತ ಹುಲ್ಲುಹಾಸಿನ ಬದಲಿಗೆ ಅಂಟಿಸಿದ ಹಸಿರು ಬಟ್ಟೆ. ಅದು ಕಿಟಕಿಯಲ್ಲಿದ್ದಾಗ ಜನ ಇನ್ನೂ ಆ ಬೀದಿಯಲ್ಲಿ ವಾಸವಾಗಿದ್ದರು, ಮಕ್ಕಳಿಗೆ ಜ್ವರ ಬರುತ್ತಿತ್ತು, ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಮಾದರಿಯಲ್ಲಿ ಮಾತ್ರ ಎಲ್ಲವೂ ಆಗಲೇ ಸಾಫಾಗಿತ್ತು. ಕಿಟಕಿಗೆ ಮೂಗು ಒತ್ತಿ ನೋಡಿದ ಸಾವಿರಾರು ಜನರಲ್ಲಿ ಒಬ್ಬನಾದರೂ, ಈ ಜಾಗದಲ್ಲಿರುವವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದನೆ? ನಾಚಿಕೆಗೇಡು! ಕಳ್ಳತನ ಕತ್ತಲಲ್ಲಿ ನಡೆಯುತ್ತದೆ ಎನ್ನುತ್ತೇವೆ. ಇದು ದೀಪ ಹಾಕಿದ ಕಿಟಕಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಎಲ್ಲರ ಮೆಚ್ಚುಗೆಯೊಂದಿಗೆ ನಡೆದದ್ದು.

ಮರುದಿನ ಗೈಡಮ್ಮ ಟ್ರಸ್ಟಿನ ಕಾರ್ಯದರ್ಶಿಯ ಮುಂದೆ ನಿಂತರು. ಇಸ್ತ್ರಿ ಅಂಗಡಿಯ ಆ ಒಂದು ವಾಕ್ಯ ತೆಗೆಯಿರಿ ಎಂದಷ್ಟೇ ಅವರ ಬೇಡಿಕೆ. ಬೆಂಕಿಗೆ ಮುಂಚೆಯೇ ಬೀದಿಯನ್ನು ಅಳಿಸಿದ್ದ ಮಾದರಿಯ ಮಾತನ್ನೂ ಎತ್ತಿದರು. ಕಾರ್ಯದರ್ಶಿ ನಯವಾದ ಮನುಷ್ಯ. ಬೈಯುವಾಗಲೂ ಕುರ್ಚಿ ತೋರಿಸುವವನು.

"ವಾಸ್ತುಶಿಲ್ಪಿ ಕನಸು ಕಂಡರೆ ಅದು ಅಪರಾಧ ಏನಮ್ಮಾ?"

"ಕನಸು ಕಾಣ್ಲಿ ಸಾರ್. ಆದ್ರೆ ನಡುವೆ ಇರೋ ಅಂಗಡೀಲಿ ಕೆಂಡ ಬಿದ್ರೆ ಬೆಂಕಿ ಎರಡೂ ತುದೀಲಿ ಹೇಗೆ ಏಳತ್ತೆ? ನೀವೇ ಬರೆಸಿದ್ದೀರಲ್ಲ. ನಾನೂ ಇಷ್ಟು ವರ್ಷ ಗಿಣಿ ಥರ ಹೇಳ್ಕೊಂಡು ಬಂದೆ."

ಕಾರ್ಯದರ್ಶಿ ನಕ್ಕ. "ಹೋಗಲಿ, ಆ ಹೆಂಗಸು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಆದ್ರೆ ಸುಳ್ಳು ಹೇಳ್ತಿರೋ ಬಾಯಿ ನಂದಲ್ವಾ?"

ಆ ಅಜ್ಜಿ ಕಣ್ಮುಚ್ಚುವುದರೊಳಗೆ ಅವಳ ತಾಯಿಯ ಮೇಲಿನ ಕಳಂಕ ಈ ಕಟ್ಟಡದಲ್ಲಿ ಅಳಿಯಬೇಕು. ಗೈಡಮ್ಮ ಹಿಡಿದ ಹಠ ಇಷ್ಟೇ. ಟ್ರಸ್ಟು ಇನ್ನೊಂದು ದಾರಿ ಹುಡುಕಿತು. ಇನ್ನು ಮುಂದೆ ಗೈಡು ಬೇಡ, ಬಂದವರ ಕಿವಿಗೆ ಕಥನ ಹೇಳುವ ಯಂತ್ರ ಸಿಕ್ಕಿಸಿದರೆ ಸಾಕು. ಅದರಲ್ಲಿ ಗೈಡಮ್ಮನದೇ ಮಧುರ ಕಂಠ ಇರಲಿ, ಸಂಭಾವನೆಯನ್ನೂ ಕೊಡೋಣ. ಧ್ವನಿಮುದ್ರಣದ ಕೋಣೆಯಲ್ಲಿ ಅವರು ಗುಮ್ಮಟವನ್ನು ಬಣ್ಣಿಸಿದರು, ಕಂಬಗಳನ್ನು ಬಣ್ಣಿಸಿದರು. ಬೆಂಕಿಯ ಮಾತು ಬಂದಾಗ, "ಈ ಬೆಂಕಿ ಇಸ್ತ್ರಿ ಅಂಗಡಿಯಿಂದ ಹತ್ತಿದ್ದಲ್ಲ" ಎಂದು ಸ್ಪಷ್ಟವಾಗಿ ಉಚ್ಚರಿಸಿದರು. ಮತ್ತೆ ಓದಿ ಎಂದರು. ಮತ್ತೆ ಅದನ್ನೇ ಓದಿದರು. ಅಷ್ಟಕ್ಕೆ ಅವರ ಕೋಟು ವಾಪಸು ಕೇಳಲಾಯಿತು. ಆ ಒಂದು ವಾಕ್ಯವನ್ನು ಬೇರೊಬ್ಬಾಕೆಯಿಂದ ಹೇಳಿಸಿ ನಡುವೆ ತೂರಿಸಿದರು. ಎಂಥ ಕಿವುಡನಿಗೂ ಅಲ್ಲಿನ ತೇಪೆ ಕೇಳಿಸುತ್ತದೆ.

ಮುಂದಿನ ವಾರ ಗೈಡಮ್ಮ ಆ ಅಜ್ಜಿಯ ಕೈಹಿಡಿದು, ಎಲ್ಲರಂತೆ ಟಿಕೆಟ್ಟು ಕೊಂಡು ಒಳಗೆ ಬಂದರು. ನಾನೂ ಇದ್ದೆ. ಎಲ್ಲರ ಕಿವಿಯಲ್ಲಿ ತೇಪೆಯ ವಾಕ್ಯ ಬರುವ ಹೊತ್ತಿಗೆ ಸರಿಯಾಗಿ ಅವರು ತಮ್ಮ ಕಿವಿಯ ಯಂತ್ರ ಕಿತ್ತು, ಗುಮ್ಮಟ ಮೊಳಗುವಂತೆ, "ಅದನ್ನ ತೆಗೆದಿಟ್ಟು ಈ ಕಡೆ ನೋಡಿ. ಇವರು ಆ ಇಸ್ತ್ರಿ ಅಂಗಡಿಯಮ್ಮನ ಮಗಳು" ಎಂದು ಶುರುಮಾಡಿದರು. ಜನ ಒಬ್ಬೊಬ್ಬರಾಗಿ ಯಂತ್ರ ತೆಗೆದರು. ಕಾರ್ಯದರ್ಶಿ ಮಹಡಿಯಿಂದಲೇ ಕೈಬೀಸಿ ಕಾವಲುಗಾರನನ್ನು ಅಟ್ಟಿದ. ಅವನು ಗೈಡಮ್ಮನ ಹಳೆಯ ಜೊತೆಗಾರ. ನಿಧಾನವಾಗಿ ಬಂದು, ಟೊಪ್ಪಿ ಸರಿಪಡಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ:

"ಅಕ್ಕಾ, ನಿಮ್ಮನ್ನ ಹೊರಗೆ ಕಳಿಸ್ಬೇಕಂತೆ. ಪೂರ್ತಿ ಹೇಳಿ ಮುಗಿಸಿ, ಆಮೇಲೆ ಹೋಗೋಣ."

ಮುಗಿಸಿದರು. ಅಜ್ಜಿ ಪಕ್ಕದಲ್ಲಿ ನಿಂತು, ತನ್ನ ತಾಯಿಯ ಬಗ್ಗೆ ಈ ಸೂರಿನ ಕೆಳಗೆ ಆಡಿದ ಮೊದಲ ಸತ್ಯವನ್ನು ಕೇಳಿಸಿಕೊಂಡಳು. ಚಪ್ಪಾಳೆ ಬೀಳಲಿಲ್ಲ.

ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಬೆಂಕಿ ಇಟ್ಟವರ ಹೆಸರೂ ಹಲವೊಮ್ಮೆ ಅದೇ ಕಲ್ಲಿನ ಮೇಲಿರುತ್ತದೆ. ಗೈಡಮ್ಮನಂಥವರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರು ನ್ಯಾಯಾಧೀಶರಲ್ಲ, ಕ್ರಾಂತಿಕಾರಿಗಳೂ ಅಲ್ಲ. ಸತ್ತವಳು ಅವರಿಗೆ ಬಂಧುವೂ ಅಲ್ಲ. ನಗರಗಳು ಬೆಳೆಯಲು ಕಲ್ಲು, ಕಬ್ಬಿಣಗಳಷ್ಟೇ ಸಾಲದು, ಒಪ್ಪವಾಗಿ ಸುಳ್ಳು ಹೇಳುವ ಕಂಠಗಳೂ ಬೇಕು. ಅವು ಅಗ್ಗವಾಗಿ, ಬೇಕಾದಷ್ಟು ಸಿಗುತ್ತವೆ. ಚಪ್ಪಾಳೆಯ ರೂಪದಲ್ಲಿ ನನ್ನ ಕಂಠವೂ ಸಿಕ್ಕಿತ್ತು, ನಿಮ್ಮದೂ ಸಿಕ್ಕಿರಬಹುದು. ಎಲ್ಲೋ ಒಬ್ಬರು ಮಾತ್ರ, ಯಾರದೋ ತಾಯಿಗಾಗಿ, ತಮ್ಮ ಕಂಠವನ್ನು ಮರಳಿ ಕೊಡಿ ಎನ್ನುತ್ತಾರೆ.