ಒಂಬತ್ತನೇ ನಂಬರ್ ಪೇಷಂಟ್

ಅಂಜನಾ ಬರೆದ ಪೇಪರ್ ಛಾಪ ಆಗಿ ಇಪ್ಪತ್ತು ದಿನ ಆಗಿತ್ತು. ಕಮಠಾಣದಾಗ ಅವರಪ್ಪ ಮಾಣಿಕ ಅದರ ಮೊದಲನೇ ಹಾಳಿ ಪ್ರಿಂಟ್ ತೆಗೆಸಿ ಬುದ್ಧನ ಫೋಟೋ ಬಾಜೂಕ ಅಂಟಿಸಿದ್ದ. ಇಂಗ್ಲಿಷ್ ಬರ್ತಿದ್ದಿಲ್ಲ, ಆದ್ರ ಮಗಳ ಹೆಸರು ಎಲ್ಲಿ ಅದ ಅಂತ ಬರಾಬರ್ ಗೊತ್ತಿತ್ತು. ಮನಿಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸ್ತಿದ್ದ. "ಏನ್ ಬರದದ ಓದ್ರಿ ಕಾಕಾ" ಅಂತ ಯಾರರ ಕಾಡಿಸಿದ್ರ, "ನೀ ಓದು. ನಾ ಬರೆದಾಕಿನ್ನ ಬೆಳಸೀನಿ" ಅಂತಿದ್ದ.

ಪೇಪರಿನ್ಯಾಗ ಇದ್ದದ್ದು ಇಷ್ಟೇ. ಬಾಯಿ ಕ್ಯಾನ್ಸರಿನ್ಯಾಗ ಒಂದು ಕೋಶ ಬಾಜೂಕಿನ ಕೋಶಕ್ಕ ಸಿಗ್ನಲ್ ಕೊಡ್ತದ, ಬೆಳಿ ಅಂತ. ಅದು ಇನ್ನೊಂದಕ್ಕ ಕೊಡ್ತದ, ಅದು ಮತ್ತೊಂದಕ್ಕ. ಸಾಕು ಅನ್ನವರು ಯಾರೂ ಇರಂಗಿಲ್ಲ. ಒಂದು ಹಳೀ ಗುಳಿಗಿ ಆ ಸಿಗ್ನಲ್ ತಡೀತದೇನು ಅಂತ ಅಂಜನಾ ಬೀದರದ ಒಂದು ದವಾಖಾನ್ಯಾಗ ಹನ್ನೆರಡು ಪೇಷಂಟಿಗೆ ಕೊಟ್ಟು ನೋಡಿದ್ಲು. ಆರು ತಿಂಗಳಿಗೆ ಎಲ್ಲಾರನೂ ತಿರುಗಿ ಕರೆಸಿ, ಗಲ್ಲದ ಒಳಗಿಂದ ಜರಾ ಕೆರೆದು ಸ್ಯಾಂಪಲ್ ತಗೊಂಡ್ಲು. ಹನ್ನೊಂದು ಮಂದ್ಯಾಗ ಸಿಗ್ನಲ್ ಹೌದೋ ಅಲ್ಲೋ ಅನ್ನಂಗ ಕಮ್ಮಿ ಆಗಿತ್ತು. ಅಷ್ಟಕ್ಕ ಯಾವ ಪತ್ರಿಕಿನೂ ಛಾಪಸಂಗಿಲ್ಲ. ಒಂಬತ್ತನೇ ನಂಬರಿನ್ಯಾಗ ಮಾತ್ರ ಪೂರಾ ಬಂದ್. ಹುಣ್ಣು ಮಾಯ, ಗಲ್ಲ ಸಾಫ್. ಭಾತಂಬ್ರಾದ ಪುತಳಾಬಾಯಿ ಅಂತ ಆ ಹೆಣ್ಮಗಳ ಹೆಸರು. ಅಕಿ ಒಂದು ಗಲ್ಲದ ಮ್ಯಾಲ ಇಡೀ ಪೇಪರ್ ನಿಂತಿತ್ತು.

ಈಗ ಹೈದರಾಬಾದಿನ ಒಂದು ಲ್ಯಾಬಿನವರು ಅಂಜನಾಗ ಬರೆದಿದ್ರು. ಒಂಬತ್ತನೇ ಪೇಷಂಟಿಂದು ಇನ್ನೊಂದು ಸ್ಯಾಂಪಲ್ ತರ್ರಿ, ಅದರಾಗೂ ಹಂಗೇ ಇದ್ರ ಜೂನಿಗೆ ಕೆಲಸಕ್ಕ ಬರ್ರಿ. ಅಕಿ ಗೈಡು ಗಫೂರ ಸರ್, "ಜಲ್ದಿ ಹೋಗವಾ, ಇದ್ದ ಮಂದಿನೂ ಊರು ಬಿಡ್ಲಾಕತ್ತಾರ" ಅಂದ್ರು. ಎರಡು ಸಾವಿರದ ಹದಿನಾರನೇ ಇಸವಿ, ಮೇ ತಿಂಗಳು. ಎರಡು ವರ್ಷದಿಂದ ಮಳಿ ಇದ್ದಿಲ್ಲ.

ಅಂಜನಾ ಭಾಲ್ಕಿ ಬಸ್ ಹತ್ತಿ, ಅಲ್ಲಿಂದ ಟಂಟಂ ಆಟೋದಾಗ ಭಾತಂಬ್ರಾಕ್ಕ ಹೋದ್ಲು. ಪುತಳಾಬಾಯಿ ಮನಿಗೆ ಕೀಲಿ. ಆ ಓಣ್ಯಾಗ ಎಂಟು ಮನಿಗೆ ಕೀಲಿ ಇತ್ತು. ಕಟ್ಟಿ ಮ್ಯಾಲ ಒಬ್ಬ ಮುದುಕಿ ಕುಂತಿದ್ಲು.

"ಪಂಚಾಯ್ತಿಯಾಕಿ ಏನು ನೀ?"

"ಅಲ್ಲರಿ ಆಯಿ, ದವಾಖಾನಿಯಾಕಿ. ಪುತಳಾಬಾಯಿ ಎಲ್ಲಿ ಅದಾರ?"

ಮುದುಕಿ ಅಕಿ ಚಪ್ಪಲಿಂದ ತಲಿತನಕ ನೋಡಿದ್ಲು. "ಅದು ಅವರ ಮನಿ ಮಾತು, ನಾ ಯಾಕ ಹೇಳ್ಲಿ. ಅಕಿ ನಾದಿನಿ ಹೀರಾನ ಕೇಳು. ಔರಾದದಾಗ ಕುರಿ ಕಾಯ್ತಾಳ."

ಔರಾದ ಮುಟ್ಟೋದ್ರಾಗ ಎರಡು ಹೊಡೆದಿತ್ತು. ಊರ ಹೊರಗ ಕೆರಿ ಅಂತ ಇದ್ದದ್ದು ಬಿರುಕು ಬಿಟ್ಟ ಮಣ್ಣು. ನಡುವ ಒಂದು ಗುಂಡಿ ತೋಡಿ, ಒಬ್ಬ ಹೆಣ್ಮಗಳು ವಾಟಗದಾಗ ನೀರು ಮೊಗೆಮೊಗೆದು ಕುರಿಗೆ ಹಾಕ್ಲಾಕತ್ತಿದ್ಲು. ಮಾರಿ ಗುರ್ತು ಹತ್ತಿದ ಕೂಡ್ಲೇ ಅಂಜನಾಗ ಹೋದ ಜೀವ ಬಂದಂಗ ಆಯ್ತು. ಓಡೇ ಹೋದ್ಲು.

"ಪುತಳಾಬಾಯಿ, ಇಲ್ಲೇ ಅದೀರೇನ್ರಿ. ನಾ ಭಾತಂಬ್ರಾಕ್ಕ ಹೋಗಿ ಬಂದೆ. ಚೆಂದ ಆಗೀರಿ."

"ಕುಂದುರು ತಂಗಿ, ಬಿಸಲಾಗ ಬಂದಿ," ಅಂದ್ಲು ಆ ಹೆಣ್ಮಗಳು. "ನಾ ಹೀರಾ. ಪುತಳಾ ನಮ್ಮ ವೈನಿ. ಅಕಿ ತೀರ್ಕೊಂಡು ಎರಡು ದೀಪಾವಳಿ ಆದ್ವು. ಹೈದರಾಬಾದಿಗೆ ಗಾರೆ ಕೆಲಸಕ್ಕ ಹೋಗಿದ್ಲಲ್ಲ, ಅಲ್ಲೇ."

"ಮತ್ತ ಆಮ್ಯಾಲ, ಹೋದ ವರ್ಷ ಜನವರಿಯೊಳಗ ಬೀದರಕ್ಕ ಬಂದವರು?"

"ನಾನೇ. ನೀನೇ ಚಾ ಕುಡಿಸಿದಿಯಲ್ಲ, ಮರತಿ?"

ಅಂಜನಾ ನೀರಿನ ಗುಂಡಿ ಬಾಜೂಕ ಕುಂತ್ಲು. ಏನೂ ಅನಸಲಿಲ್ಲ. ಒಂದು ಕುರಿ ಪ್ಲಾಸ್ಟಿಕ್ ಚೀಲ ನೆಕ್ಕಲಾಕತ್ತಿತ್ತು, ಅದನ್ನೇ ನೋಡ್ಕೋತ ಕುಂತ್ಲು.

"ಯಾಕ ಬಂದ್ರಿ?"

"ಬರಗಾಲದ ಕೆಲಸದಾಗ ಹ್ಯಾಂಗ ಮಾಡ್ತೇವಿ? ಒಬ್ಬರಿಗೆ ಆಗಲಿಲ್ಲಂದ್ರ ಮನ್ಯಾಗಿನವರು ಒಬ್ಬರು ಅವರ ಪಾಳಿಗೆ ನಿಂದರ್ತೇವಿ. ಹಾಜರಿ ಪುಸ್ತಕದಾಗಿನ ಹೆಸರು ಹೊಡೀಬಾರದಲ್ಲ." ಹೀರಾ ಮತ್ತೊಂದು ವಾಟಗ ಮೊಗೆದ್ಲು. "ಪುತಳಾ ಸಾಯೋ ಮುಂದ ಫೋನಿನ್ಯಾಗ ಅಂದ್ಲು, ಆರು ತಿಂಗಳಿಗೆ ಬರ್ತೇನಂತ ಆ ಹುಡುಗಿಗೆ ಮಾತು ಕೊಟ್ಟೀನಿ, ನೀ ಹೋಗಿ ಬಾ, ಪಾಪ ಅಕಿ ಕೆಲಸ ಕೆಡಬಾರದು. ಹೋದೆ. ನೀ ಎಲ್ಲಿ ಯಾರ ಮಾರಿ ಅಂತ ನೋಡಿದಿ, ಬ್ಯಾಟರಿ ಹಿಡಿದು ಗಲ್ಲ ನೋಡಿದಿ, ನರ್ಸಮ್ಮನ್ನ ತೆಕ್ಕಿ ಹೊಡದಿ. ನಾನೂ ಖುಷಿ ಆದೆ. ಕೆಲಸ ಕೆಡಲಿಲ್ಲಲ್ಲ?"

"ಇಲ್ಲರಿ," ಅಂದ್ಲು ಅಂಜನಾ.

ಎದ್ದು ಜರಾ ದೂರ ಹೋಗಿ ಗಫೂರ ಸರಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದ್ಲು. ಬಜಾರಿನ್ಯಾಗ ತರಕಾರಿ ರೇಟ್ ಹೇಳಿದಂಗ ಹೇಳಿದ್ಲು. ಆ ಕಡಿ ಸರ್ ಎದ್ದು ಬಾಗಲ ಹಾಕಿದ ಸಪ್ಪಳ ಕೇಳ್ತು.

"ಯಾರ್ಯಾರಿಗೆ ಗೊತ್ತದ?"

"ನಿಮಗ, ನನಗ."

"ಕಿಟ್ ಬ್ಯಾಗಿನ್ಯಾಗ ಅದಲ್ಲ? ಆವಾಗ ಕೊಟ್ಟಾಕಿನೂ ಅಕಿನೇ, ಈಗ ಕೊಡಾಕಿನೂ ಅಕಿನೇ. ಎರಡೂ ಸ್ಯಾಂಪಲ್ ಬರಾಬರ್ ಕೂಡ್ತಾವ."

"ಸರ್."

"ನಾ ಏನೂ ಅಂದಿಲ್ಲ ನೋಡು. ಇಲ್ಲಿ ನೆಟ್‌ವರ್ಕ್ ಸುಮಾರ್ ಅದ," ಅಂತ ಇಟ್ಟುಬಿಟ್ರು.

ತಿರುಗಿ ಬರೋದ್ರಾಗ ಹೀರಾ ಕಲ್ಲಿನ ಮ್ಯಾಲ ಕುಂತು, ಬಾಯಾಗಿನ ತಂಬಾಕು ಉಗುಳಿ, ಬಾಯಿ ಮುಕ್ಕಳಸಲಾಕತ್ತಿದ್ಲು. "ಮತ್ತ ಬೇಕಾಗಿರಬೇಕು, ಅದಕ್ಕೇ ಇಷ್ಟು ದೂರ ಬಂದಿ. ತಗೋ, ನಂದೇನ್ ಹೋಗ್ತದ." ಅಂದಾಕಿನೇ ಬಾಯಿ ತೆರೆದ್ಲು.

ಅಂಜನಾ ಬ್ಯಾಗ್ ಬಿಚ್ಚಿದ್ಲು. ಕೈಗವಸು ಹಾಕ್ಕೊಂಡ್ಲು. ಒಂಬತ್ತು ಅಂತ ಮನ್ಯಾಗೇ ಬರೆದು ತಂದ ಶೀಶಿ ತೆಗೆದಿಟ್ಲು. ಕೈ ತಮ್ಮಷ್ಟಕ್ಕ ತಾವೇ ಮಾಡ್ಲಾಕತ್ತಿದ್ವು, ಅಕಿ ಸುಮ್ನೆ ನೋಡ್ತಿದ್ಲು. ಬ್ಯಾಟರಿ ಹಚ್ಚಿದ್ಲು. ಎಡಗಲ್ಲ ಸಾಫ್, ಆವತ್ತಿನಂಗೇ. ಒಂದು ಸಲ ಕೆರೆದ್ರ ಮುಗೀತು, ಜೂನಿಗೆ ಹೈದರಾಬಾದ್. ಬೆಳಕು ಜರಾ ಸರಿದು ಬಲಗಡಿ ಕೆಳಗ ಬಿತ್ತು, ತಂಬಾಕು ಇಡೋ ಜಾಗಾಕ್ಕ. ಅಲ್ಲಿ ಹೆಬ್ಬೆಟ್ಟಿನ ಉಗುರಷ್ಟು ಬಿಳಿ ಮಚ್ಚೆ, ಸುತ್ತ ಕೆಂಪು.

"ಇದು ಯಾವಾಗಿಂದ ಅದರಿ?"

ಹೀರಾ ಬಾಯಿ ಮುಚ್ಚಿ ನಾಲಿಗಿಲೇ ಮುಟ್ಟಿ ನೋಡಿದ್ಲು. "ಇದಾ? ಖಾರ ಹತ್ತಿದ್ರ ಉರೀತದ. ಈ ಸಂಕ್ರಾಂತಿಗಿಂತ ಜರಾ ಮೊದಲಿಂದು. ಪುತಳಾಗೂ ಶುರು ಹಿಂಗೇ ಇತ್ತು." ಕುರಿ ಒಂದು ಕುಂಟ್ಲಾಕತ್ತದ ಅನ್ನಂಗ ಅಂದ್ಲು, ಅಷ್ಟೇ ಸಲೀಸ.

ಅಂಜನಾ ಶೀಶಿ ನೋಡಿದ್ಲು. ಹೀರಾನ್ನ ಪುತಳಾನ ದವಾಖಾನಿ ಕಾರ್ಡಿನ ಮ್ಯಾಲೇ ಡಾಕ್ಟರಿಗೆ ತೋರಿಸಿದ್ರ, ಗುಣ ಆದ ಒಂಬತ್ತಿಗೆ ಮತ್ತ ಹುಣ್ಣು. ಅಕಿ ಸ್ವಂತ ಹೆಸರಲೇ ತೋರಿಸಿದ್ರ, ಒಂಬತ್ತನೇ ನಂಬರೇ ಇಲ್ಲ. ಸುಮ್ಮನೆ ಎಡಗಲ್ಲ ಕೆರಕೊಂಡು ಹೋದ್ರ ಎಲ್ಲಾ ಬರಾಬರ್. ಮೂರೂ ಅಕಿಗೆ ಬ್ಯಾರೆ ಯಾರದೋ ಲೆಕ್ಕದಂಗ ಕಂಡ್ವು. ಅಳು ಬರ್ತದೇನೋ ಅಂತ ಕಾದ್ಲು. ಬರಲಿಲ್ಲ.

"ನಾಳಿ ಮುಂಜಾನಿ ನನ್ನ ಕೂಡ ಬೀದರಕ್ಕ ಬರ್ರಿ," ಅಂದ್ಲು.

"ಕುರಿ?"

"ಯಾರಿಗರ ಒಪ್ಪಿಸ್ರಿ. ಈಗ ಬಂದ್ರ ಕತ್ತರಿಸಿ ತೆಗೆದು ಮುಗಿಸ್ತಾರ. ಪುತಳಾಬಾಯಿ ತಡಾ ಮಾಡಿದ್ರು."

ಹೀರಾ ಅಕಿ ಮಾರಿ ಒಂದು ಸಲ, ಶೀಶಿ ಒಂದು ಸಲ ನೋಡಿದ್ಲು. "ಕೆರಿಯಂಗಿಲ್ಲೇನು?"

"ಬ್ಯಾಡ್ರಿ."

ಆ ರಾತ್ರಿ ಅಂಜನಾ ಹೀರಾನ ಮನ್ಯಾಗೇ ಉಳಿದ್ಲು. ಮುಂಜಾನಿ ಬಸ್ಸಿನ್ಯಾಗ ಫೋನಿನ ಮ್ಯಾಲೇ ಪತ್ರಿಕಿಯವರಿಗೆ ಐದು ಸಾಲು ಬರೆದ್ಲು, ಅದನ್ನೇ ಹೈದರಾಬಾದಿನವರಿಗೂ ಕಳಿಸಿದ್ಲು. ಹೀರಾ ಕಿಟಕಿಗೆ ತಲಿ ಇಟ್ಟು ಮಲಗಿದ್ಲು.

ಬೀದರದ ದವಾಖಾನ್ಯಾಗ ಚೀಟಿ ಬರೆಯೋ ಕಡಿ ಶಾಕಿರಾ ಬೇಗಂ ಕುಂತಿದ್ರು. ಅಂಜನಾನ ಸ್ಯಾಂಪಲಿಗೆ ಮಂದಿ ಕರೆದು ಹೆಬ್ಬೆಟ್ಟು ಹಚ್ಚಿಸಿದ ನರ್ಸು ಅವರೇ.

"ಹೆಸರು ಹೇಳಮ್ಮಾ."

ಹೀರಾ ಅಂಜನಾನ ಕಡಿ ತಿರುಗಿದ್ಲು. "ಯಾವುದು ಹೇಳ್ಲಿ?"

"ನಿಮ್ಮದು ಹೇಳ್ರಿ."

"ಹೀರಾಬಾಯಿ. ಔರಾದ."

ಶಾಕಿರಾನ ಪೆನ್ನು ನಿಂತಿತು. "ಅಂಜು, ಇವರು ಪುತಳಾಬಾಯಿ ಅಲ್ಲೇನು? ನಮ್ಮ ನೌ ನಂಬರ್."

"ಅಲ್ಲರಿ ಆಪಾ. ಅಕಿ ತೀರ್ಕೊಂಡಾಳ. ಇವರು ಅಕಿ ಪಾಳಿಗೆ ಬಂದಿದ್ರು, ನಾ ನೋಡಲಿಲ್ಲ. ಒಂಬತ್ತು ತೆಗೀರಿ ಅಂತ ಎಲ್ಲಾರಿಗೂ ಬರೆದು ಹಾಕೀನಿ."

"ಆಮ್ಯಾಲ ಆ ಪೇಪರಿನ್ಯಾಗ ಏನ್ ಉಳೀತದ?"

"ಹನ್ನೊಂದು ಮಂದಿ."

ಶಾಕಿರಾ ಬರೆಯಲಾಕತ್ತಿದ್ದ ಚೀಟಿ ಬಾಜೂಕ ಸರಿಸಿದ್ರು. ಹೊಸಾ ಚೀಟಿ ಹರಿದು ಹೀರಾಬಾಯಿ ಅಂತ ಬರೆದು, "ನಲವತ್ತೊಂದನೇ ಪಾಳಿ" ಅಂದ್ರು.

ಇಬ್ಬರೂ ಹೋಗಿ ಬೆಂಚಿನ ಮ್ಯಾಲ ಕುಂತ್ರು. ಒಳಗ ಆವಾಗ ಹದಿನೇಳನೇದು ನಡೆದಿತ್ತು.

"ನನ್ನಿಂದ ನಿಂದು ಏನರ ಕೆಟ್ಟಿತೇನು ತಂಗಿ?"

"ಕೆಟ್ಟದ," ಅಂದ್ಲು ಅಂಜನಾ. "ನೀವು ಸರಿದು ಕುಂದುರ್ರಿ, ಫ್ಯಾನಿನ ಗಾಳಿ ಬರ್ತದ."