ನಾಳೆಬಿ

ಗದಗ ಜಿಲ್ಲೆಯಾದ ಮರುವರ್ಷದ ಮಾತು. ಬೆಟಗೇರಿಯ ಶಾಲೆಯೊಂದರ ಮೂರನೇ ತರಗತಿಯಲ್ಲಿ ಜಾಸ್ಮಿನ ಎದ್ದು ನಿಂತು, "ಅಕ್ಕಾರ, ನಾಳಿ ನಮ್ಮ ಅಬ್ಬಾ ಲಕ್ಷ್ಮೇಶ್ವರದಿಂದ ಬಂದ್ರ್ರಿ" ಅಂದಳು.

ನಾಗರತ್ನಾ ಟೀಚರಿಗೆ ತಡೆಯಲಾಗಲಿಲ್ಲ. "ನಾಳಿ ಬಂದ ಅಬ್ಬಾ ನಿನ್ನಿ ಹೋಗ್ತಾನೇನವಾ?"

ತರಗತಿ ಹೋ ಎಂದು ನಕ್ಕಿತು. ಹಿಂದೆ ಕುಳಿತಿದ್ದ ಯಮನೂರಪ್ಪ "ನಾಳೆಬಿ!" ಎಂದು ಕೂಗಿದ. ನಾಗರತ್ನಾಳೂ ನಕ್ಕಳು. ಮರುದಿನದಿಂದ ಜಾಸ್ಮಿನ ಬರಲಿಲ್ಲ.

ತಾಯಿ ಅಲ್ಮಾಸಬಿ ಅವಳನ್ನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ರಾಟಿಯ ಮುಂದೆ ಕೂರಿಸಿದ್ದಾಳೆಂಬ ಖಬರು ನಾಗರತ್ನಾಗೆ ಬಂತು. ಕೈ ಒಮ್ಮೆ ರಾಟಿಗೆ ಹೊಂದಿಕೊಂಡರೆ ಹುಡುಗಿ ತಿರುಗಿ ಬರುವುದಿಲ್ಲ. ಹಾಗೆ ಹೋದವರನ್ನು ಅವಳು ಬಲ್ಲಳು.

ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ಅವರ ಮನೆಗೆ ಹೋದಳು. ಅಲ್ಮಾಸಬಿ ಕುಂಡ್ರಿ ಅನ್ನಲಿಲ್ಲ.

"ನಾಳೆಬಿನ್ನ ನೋಡಾಕ ಬಂದ್ರೇನ್ರಿ?"

"ಸಾಲಿಗೆ ಕಳಸ್ರಿ, ಅಲ್ಮಾಸಬಿ."

"ಅಕಿ ತಲಿಗೆ ಹತ್ತಂಗಿಲ್ರಿ ಸಾಲಿ. ನೀವ ಹೇಳೀರಲ್ಲ, ಎಲ್ಲಾರ ಮುಂದ."

ರಾಟಿ ಗಿರ್ರ್ ಎನ್ನುತ್ತಿತ್ತು. ಜಾಸ್ಮಿನ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ, ಇವರ ಮನೆಗೆ ಬಂದಿದ್ದ ನೆಂಟರಾಕೆಯ ಬಗ್ಗೆ ಗೋಡೆಯಾಚೆಯಿಂದ ಕೇಳಿದಳು, "ಖಾತುನಬಿ ಕಬ್ ಆಯೀ ಗೇ?"

"ಕಲ್ ಆಯೀ," ಎಂದಳು ಅಲ್ಮಾಸಬಿ.

"ಜಾತೀ ಕಬ್?"

"ಕಲ್ ಜಾತೀ."

ನಾಗರತ್ನಾ ಬೆಚ್ಚಿದಳು. "ಬಂದದ್ದೂ ಕಲ್, ಹೋಗೂದೂ ಕಲ್? ನಿನ್ನಿ ಯಾವುದು, ನಾಳಿ ಯಾವುದು, ಹೆಂಗ ಗೊತ್ತಾಗತೈತಿ?"

ರಾಟಿ ನಿಂತಿತು. ಉತ್ತರ ಕೊಟ್ಟವಳು ಜಾಸ್ಮಿನ. "ಆಮ್ಯಾಲಿನ ಮಾತು ಕೇಳಬೇಕ್ರಿ ಅಕ್ಕಾರ. ಬಂದ್ರು ಅಂದ್ರ ಮುಗದೈತಿ, ಬರ್ತಾರ ಅಂದ್ರ ಇನ್ನಾ ಐತಿ."

ಮನೆಯ ಕಲ್ ಹುಡುಗಿಯ ಬಾಯಲ್ಲಿ ನಾಳಿ ಆಗಿತ್ತು; ಬಂದ್ರು ಎಂದು ಅವಳು ಅಂದೇ ಸ್ಪಷ್ಟವಾಗಿ ಹೇಳಿದ್ದಳು. ಟೀಚರ ಕಿವಿ ಮಾತ್ರ ಮೊದಲ ಮಾತಿಗೇ ಸಿಕ್ಕಿಕೊಂಡಿತ್ತು. ತಪ್ಪು ಕಂಡಲ್ಲೇ ಹಿಡಿಯಬೇಕು ಎಂದು ಕಲಿತು ಬಂದವಳು ಅವಳು. ಚುರುಕಿನ ಟೀಚರು ಎಂಬ ಹೆಸರೂ ಅದರಿಂದಲೇ ಬಂದಿತ್ತು. ಇನ್ನೂ ಯಾರ್‍ಯಾರ ಮಾತನ್ನು ಅರ್ಧಕ್ಕೇ ಕತ್ತರಿಸಿದ್ದೆನೋ ಎಂದು ನೆನೆದಳು.

"ನಿಂದು ತಪ್ಪಲ್ಲವಾ. ಒಂದ ಮಾತು ಬದಲಾಗೇತಿ, ಅಷ್ಟ. ನಾ ಪೂರಾ ಕೇಳಲಿಲ್ಲ," ಎಂದಳು. "ಎಲ್ಲಾರ ಮುಂದ ಹಿಂಗ ಹೇಳ್ತೀನಿ. ಬರ್ತೀಯೇನು?"

ಜಾಸ್ಮಿನ ತಾಯಿಯ ಮುಖ ನೋಡಿದಳು.

"ನನ್ನ ಯಾಕ ನೋಡ್ತೀ? ನಕ್ಕಿದ್ದು ನಿನಗ. ನೀನ ಹೇಳು," ಎಂದಳು ಅಲ್ಮಾಸಬಿ.

ಹುಡುಗಿ ಬೆರಳಿಗೆ ಸುತ್ತಿಕೊಂಡಿದ್ದ ಎಳೆಯನ್ನು ಬಿಡಿಸುತ್ತ ಕುಳಿತಳು. ಮಾತು ಬಾಯಿತುದಿಗೆ ಬಂದರೂ ನಾಗರತ್ನಾ ನುಂಗಿಕೊಂಡು ಕಾದಳು.

"ಬರ್ತೀನ್ರಿ. ಖರೆ, ಮುಂದ ಕುಂಡ್ರಂಗಿಲ್ರಿ."

ಕಲಿಕೆಯಲ್ಲಿ ಹಿಂದುಳಿದವರನ್ನು ಮುಂದೆಯೇ ಕೂರಿಸುವುದು ನಾಗರತ್ನಾಳ ಪದ್ಧತಿ. "ಯಾಕವಾ?"

"ಹಿಂದ ಗ್ವಾಡಿಗೆ ಹತ್ತಿ ಕುಂತ್ರ, ನನ್ನ ಬೆನ್ನ ಹಿಂದ ಯಾರೂ ನಗಾಕ ಬರಂಗಿಲ್ರಿ."

"ಆತು," ಎಂದಳು ನಾಗರತ್ನಾ.